ಗೇರೆಣ್ಣೆ ಹಚ್ಚಿದ ಕಾಲು

ನನ್ನ ಎಡಗಾಲಿನಲ್ಲಿ ಎರಡು ಬೆರಳಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ್ದು. ನಮ್ಮೂರು ಮುಂಡಾಜೆಯಲ್ಲಿ ಯಾರನ್ನು ಕೇಳಿದರೂ ಅದು ಚೀನಾ ಯುದ್ಧದಲ್ಲಿ ಹೋದದ್ದು ಎಂದು ಹೇಳುತ್ತಾರೆ. ನಾನು ಚೀನಾದವರನ್ನು ಕಣ್ಣಿನಿಂದ ಕಂಡವನಲ್ಲ. ಗುಂಡು ಹಾರಿದ್ದು ನಮ್ಮ ಕ್ಯಾಂಪಿನಿಂದ ಎಷ್ಟೋ ಮೈಲು ಆಚೆ. ನಾನು ಈಚೆ ಕೂತು ಬೇಳೆ ಬೇಯಿಸುತ್ತಿದ್ದೆ. ಆ ಎತ್ತರದಲ್ಲಿ ಬೇಳೆ ಬೇಯುವುದೂ ಇಲ್ಲ, ಅದು ಬೇರೆ ವಿಷಯ.

ಬೆರಳು ಹೋದದ್ದು ನನ್ನ ಕೈಯಿಂದಲೇ. ಅದನ್ನು ಮುಚ್ಚಿಟ್ಟು ಊರಿನಲ್ಲಿ ಹಾರ ಹಾಕಿಸಿಕೊಂಡೆ. ಅದಕ್ಕಿಂತ ದೊಡ್ಡದು ಇನ್ನೊಂದುಂಟು, ಅದನ್ನೂ ಹೇಳುತ್ತೇನೆ. ತಾನೇ ಮಾಡಿಕೊಂಡ ಕಾಯಿಲೆಯನ್ನು ಬೇರೆಯವರ ತಲೆಗೆ ಕಟ್ಟಿ, ಡಾಕ್ಟರ ಜಗಲಿಯಲ್ಲಿ ತಲೆ ತಗ್ಗಿಸಿ ಕೂತವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಆ ಬೆಂಚಿನಲ್ಲಿ ನಾನೂ ಕೂತಿದ್ದೇನೆ. ಸ್ವಲ್ಪ ಸರಿದು ಜಾಗ ಕೊಡಿ.

ಮೀಸೆ ಬರುವ ಮೊದಲೇ ನಾನು ಬಂಟ್ವಾಳ ಪೇಟೆಯ ಒಂದು ಹೋಟೆಲಿಗೆ ಸೇರಿದವನು. ಇಡ್ಲಿ, ಗೋಳಿಬಜೆ, ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಊಟ. ಆ ಕೈ ಗುಣದ ಮೇಲೆ ಮಿಲಿಟರಿಯಲ್ಲಿ ಅಡುಗೆಯವನಾದೆ. ನಾಲ್ಕು ವರ್ಷ ಬಯಲು ಸೀಮೆಯ ಕ್ಯಾಂಪುಗಳಲ್ಲಿ ಸುಖವಾಗಿದ್ದೆ. ಅರವತ್ತೆರಡರಲ್ಲಿ ನಮ್ಮನ್ನು ಲಡಾಖಿನ ಕಡೆ ಕಳಿಸಿದರು. ಅದಕ್ಕೆ ಮೊದಲು ರಜೆಯಲ್ಲಿ ಊರಿಗೆ ಬಂದಾಗ ಅಮ್ಮ ಒಂದು ಸಣ್ಣ ಬಾಟ್ಲಿ ಕೊಟ್ಟರು. ಅದರಲ್ಲಿ ಗೇರೆಣ್ಣೆ.

ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಹೇಳುತ್ತೇನೆ. ಗೇರುಬೀಜದ ಸಿಪ್ಪೆಯನ್ನು ತೂತಿನ ಮಡಕೆಗೆ ತುಂಬಿ, ಸುತ್ತ ಬೆಂಕಿ ಹಾಕಿ, ಕೆಳಗೆ ಇಟ್ಟ ಗೆರಟೆಗೆ ತೊಟ್ಟು ತೊಟ್ಟಾಗಿ ಇಳಿಸುವ ಎಣ್ಣೆ ಅದು. ಕಪ್ಪಗೆ, ಮಂದ. ಹಿಮ್ಮಡಿ ಒಡೆದರೆ, ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಕಾಲಿನಲ್ಲಿ ಕೆಸರು ಹುಣ್ಣಾದರೆ ಕೋಳಿ ಗರಿಯಲ್ಲಿ ಒಂದು ಗೆರೆ ಹಚ್ಚಿ ಬಚ್ಚಲು ಒಲೆಯ ಬೆಂಕಿಗೆ ಕಾಲು ಹಿಡಿಯುವುದು. ಚರ್ಮ ಸುಡುವ ಎಣ್ಣೆ, ತಮಾಷೆಯಲ್ಲ. ಅಮ್ಮನ ಲೆಕ್ಕ ಒಂದೇ: "ಉರಿ ಹತ್ತಿದ ಕೂಡಲೇ ಸಾಕು ಮಾಡಬೇಕು ಮಗ. ಮತ್ತೆ ಹಚ್ಚಬಾರದು." ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಬಾಯಿಪಾಠ.

ಕ್ಯಾಂಪಿನಲ್ಲಿ ಮೊದಲ ತಪ್ಪು ಬೂಟಿನದ್ದು. ಒಲೆಯ ಮುಂದೆ ಕಾಲಿಗೆ ಹಾಕಿದ್ದನ್ನು ಹಾಕಿಕೊಂಡೇ ನಿಲ್ಲಲು ನನಗೆ ಮನಸ್ಸು ಒಪ್ಪಲಿಲ್ಲ. ಅನ್ನ ಬೇಯುವ ಜಾಗ ಅಲ್ಲವೇ? ಬಯಲಿನಲ್ಲಿ ಬರಿಗಾಲಲ್ಲೇ ಮಾಡುತ್ತಿದ್ದೆ, ಯಾರೂ ಕೇಳಿರಲಿಲ್ಲ. ಇಲ್ಲಿ ಹವಾಲ್ದಾರ ಬಾಯಿಗೆ ಬಂದ ಹಾಗೆ ಬೈದ. ಅವನಿದ್ದಾಗ ಬೂಟು ಹಾಕುತ್ತಿದ್ದೆ, ಹೋದ ಮೇಲೆ ಕಳಚುತ್ತಿದ್ದೆ. ಕಾಲುಚೀಲ ಮಾತ್ರ. ಅಡುಗೆ ಟೆಂಟಿನ ನೆಲದಲ್ಲಿ ಚೆಲ್ಲಿದ ನೀರು ಅಲ್ಲಿಯೇ ಹೆಪ್ಪುಗಟ್ಟುತ್ತಿತ್ತು. ಅದರ ಮೇಲೆ ದಿನವಿಡೀ ನಿಂತೆ.

ಒಂದು ದಿನ ಎಡಗಾಲಿನ ಬೆರಳುಗಳು ಬಿಳಿಚಿ ಮರಗಟ್ಟಿದವು. ಚಿವುಟಿದರೂ ಗೊತ್ತಾಗುವುದಿಲ್ಲ. ನಮಗೆ ಕಾಲಿನ ಯಾವ ಸಂಕಟಕ್ಕೂ ಇರುವುದು ಒಂದೇ ಮದ್ದಲ್ಲ? ಬಾಟ್ಲಿ ತೆಗೆದೆ. ಒಂದು ಗೆರೆ ಹಚ್ಚಿ ಸ್ಟವ್ ಹತ್ತಿರ ಹಿಡಿದೆ. ಉರಿ ಹತ್ತಲಿಲ್ಲ. ಇನ್ನೊಂದು ಹಚ್ಚಿದೆ. ಉರಿ ಇಲ್ಲ. ಎಣ್ಣೆ ಹಳತಾಗಿ ಶಕ್ತಿ ಹೋಗಿದೆ ಎಂದುಕೊಂಡು ಪಾದದ ಮುಂಭಾಗಕ್ಕೆಲ್ಲ ಬಳಿದೆ, ಬೆಂಕಿಗೆ ಇನ್ನೂ ಹತ್ತಿರ ಹಿಡಿದೆ. ಮೂರು ದಿನ ಹೀಗೆ. ಜೀವವೇ ಇಲ್ಲದ ಚರ್ಮಕ್ಕೆ ಉರಿ ಹೇಗೆ ಹತ್ತಬೇಕು? ನನ್ನ ತಲೆಗೆ ಅದು ಹೊಳೆಯಲಿಲ್ಲ. ಹತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯ ತನ್ನ ಕಾಲನ್ನು ತಾನೇ ಹುರಿದುಕೊಂಡೆ. ನಗಬೇಕಾದರೆ ನಗಿ.

ನಾಲ್ಕನೆಯ ದಿನ ಬೊಕ್ಕೆಗಳೆದ್ದವು, ಐದೂ ಬೆರಳು ಇದ್ದಲಿನ ಹಾಗೆ ಕಪ್ಪಾದವು. ಡಾಕ್ಟರ ಟೆಂಟಿಗೆ ಕುಂಟಿಕೊಂಡು ಹೋದೆ. ಅವರು ಎಳೆ ವಯಸ್ಸಿನ ಕ್ಯಾಪ್ಟನ್, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಅಷ್ಟರಲ್ಲಿ ಯುದ್ಧ ಶುರುವಾಗಿ ಮುಂದಿನಿಂದ ಗಾಯಾಳುಗಳು ಬರುತ್ತಾ ಇದ್ದರು.

"ಬೂಟು ಹಾಕಿದ್ದೆಯಾ?" ಎಂದು ಕೇಳಿದರು.

"ಹೌದು ಸಾಬ್."

"ಕಾಲಿಗೆ ಏನಾದರೂ ಮಾಡಿದ್ದೆಯಾ?"

"ಇಲ್ಲ ಸಾಬ್."

ಬೇಕೆಂದೇ ಗಾಯ ಮಾಡಿಕೊಂಡವನಿಗೆ ಮಿಲಿಟರಿಯಲ್ಲಿ ಏನು ಶಿಕ್ಷೆ ಎಂಬುದನ್ನು ನಮಗೆ ಓದಿ ಹೇಳಿದ್ದರು. ನಾನು ಬೇಕೆಂದು ಮಾಡಿದ್ದಲ್ಲ, ಆದರೆ ಯಾರು ನಂಬಬೇಕು? ಡಾಕ್ಟರು ದೀಪ ಹಿಡಿದು ನೋಡಿ, ಚಳಿಯಿಂದ ಬೆರಳು ಸತ್ತಿವೆ, ವಿಮಾನದಲ್ಲಿ ಕೆಳಗೆ ಕಳಿಸಬೇಕು ಎಂದರು. ಆ ಕಪ್ಪು ಬಣ್ಣ ಎಣ್ಣೆಯದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಯಾಕೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, 'ಕೆಳಗೆ' ಎಂಬ ಆ ಮಾತು ಕೇಳಿ ನನಗೆ ಖುಷಿಯಾಯಿತು. ಒಳಗೊಳಗೇ ಕುಣಿಯುವಷ್ಟು ಖುಷಿ.

ವಿಮಾನ ಇಳಿಯುವ ಮೈದಾನದ ಬದಿಯಲ್ಲಿ ಒಂದು ಟೆಂಟು. ನಮ್ಮನ್ನು ಅದರಲ್ಲಿ ಕಾಯಿಸಿದರು. ನನ್ನ ಪಕ್ಕದ ಸ್ಟ್ರೆಚರಿನಲ್ಲಿ ಒಬ್ಬ ಸಿಪಾಯಿ ಇದ್ದ. ಅವನಿಗೆ ಮಲಗಲು ಆಗುತ್ತಿರಲಿಲ್ಲ. ಕಂಬಳಿ ಹೊದ್ದು ಕೂತೇ ಇದ್ದ, ಕೆಮ್ಮುತ್ತಿದ್ದ. ಒಂದು ಗಾಯವಿಲ್ಲ, ರಕ್ತವಿಲ್ಲ, ಬ್ಯಾಂಡೇಜಿಲ್ಲ. ಕೆಮ್ಮಿ ಕೆಮ್ಮಿ ಬಾಯಿ ಒರೆಸಿಕೊಂಡಾಗ ಬಟ್ಟೆಯಲ್ಲಿ ಗುಲಾಬಿ ಬಣ್ಣದ ನೊರೆ ಕಾಣುತ್ತಿತ್ತು. ನನ್ನ ಕಾಲಿನ ಮೇಲಿನ ಕಂಬಳಿ ಜಾರಿದಾಗ ಅವನೇ ಬಗ್ಗಿ ಸರಿಮಾಡಿದ. ಎರಡು ಗಂಟೆ ನಾವು ಹಾಗೆ ಪಕ್ಕಪಕ್ಕದಲ್ಲಿ ಇದ್ದೆವು.

ವಿಮಾನ ಬಂತು. ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋದರು. ಕೊನೆಗೆ ಉಳಿದದ್ದು ನಾವಿಬ್ಬರು, ವಿಮಾನದಲ್ಲಿ ಜಾಗ ಒಂದು. ಕ್ಯಾಪ್ಟನ್ ಡಾಕ್ಟರು ಅವನನ್ನು ನೋಡಿದರು, ನನ್ನ ಬ್ಯಾಂಡೇಜು ಸರಿಸಿ ಕಾಲು ನೋಡಿದರು. "ಈ ಕಾಲು ನಾಳೆಗೆ ನಿಲ್ಲುವುದಿಲ್ಲ. ಕೆಮ್ಮು ನಾಳೆ ಹೋಗಲಿ," ಎಂದರು. ಪಾಪ, ಅವರದ್ದೇನು ತಪ್ಪು? ಕಣ್ಣಿಗೆ ಕಂಡದ್ದು ಅವರು ನಂಬಿದರು. ನನ್ನನ್ನು ಎತ್ತುವಾಗ ಆ ಸಿಪಾಯಿ ಕೈ ಎತ್ತಿ ಹೋಗಿ ಬಾ ಎಂಬ ಹಾಗೆ ಮಾಡಿದ. ಆಗಲೂ ನನ್ನ ಬಾಯಿ ಬಿಚ್ಚಲಿಲ್ಲ.

ವಿಮಾನದೊಳಗೆ ಅಟ್ಟದ ಹಾಗೆ ಒಂದರ ಮೇಲೊಂದು ಸ್ಟ್ರೆಚರು. ಸದ್ದಿಗೆ ಕಿವಿ ಕಿವುಡಾಗುತ್ತದೆ, ಚಳಿಗೆ ಹಲ್ಲು ಕಟಕಟ. ಇಷ್ಟೆಲ್ಲ ಜನಕ್ಕೆ ಒಬ್ಬರೇ ನರ್ಸ್, ಜೊತೆಗೆ ಒಬ್ಬ ಸಹಾಯಕ. ನರ್ಸ್ ದೊಡ್ಡ ಕೋಟು, ಪ್ಯಾಂಟು ಹಾಕಿದ್ದರು. ವಿಮಾನ ಎದ್ದು ಬಿದ್ದಾಗ ಗಾಯಾಳುಗಳು ಜಾರದಂತೆ ತಮ್ಮ ಬೆನ್ನನ್ನೇ ಸ್ಟ್ರೆಚರಿಗೆ ಕೊಟ್ಟು ನಿಲ್ಲುತ್ತಿದ್ದರು. ಒಮ್ಮೆ ಮೂಲೆಗೆ ಹೋಗಿ ಚೀಲದಲ್ಲಿ ವಾಂತಿ ಮಾಡಿದರು, ಬಾಯಿ ಒರೆಸಿದರು, ಬಂದು ಮತ್ತೆ ಹೊಟ್ಟೆಗೆ ಗುಂಡು ತಾಗಿದವನ ನೆತ್ತಿಯ ಮೇಲೆ ಸಲೈನ್ ಬಾಟ್ಲಿ ಹಿಡಿದು ನಿಂತರು. ಅದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆ ಶುರುವಾಯಿತು.

ನನ್ನ ಸರದಿ ಬಂತು. ಬ್ಯಾಂಡೇಜು ಬಿಚ್ಚಿದರು. ಬಗ್ಗಿ ಮೂಸಿದರು. ಹತ್ತಿಯಲ್ಲಿ ಸ್ಪಿರಿಟ್ ತೆಗೆದು ಹೆಬ್ಬೆರಳು ಉಜ್ಜಿದರು. ಆಮೇಲೆ ನನ್ನ ಮುಖ ನೋಡಿದರು.

"ಊರು ಯಾವುದು?" ಹಿಂದಿಯಲ್ಲಿ ಕೇಳಿದರು. ಮಾತಿನ ಧಾಟಿಯಲ್ಲೇ ಮಲಯಾಳಿ ಎಂದು ಗೊತ್ತಾಯಿತು. ಬಂಟ್ವಾಳದ ಹೋಟೆಲಿನಲ್ಲಿ ಕಾಸರಗೋಡಿನವರ ಜೊತೆ ಕಲಿತ ಅರೆಬರೆ ಮಲಯಾಳದಲ್ಲಿ, ಮಂಗಳೂರು ಹತ್ತಿರ ಎಂದೆ.

"ಹಾಗಾದರೆ ಗೇರುಬೀಜ ಉಂಟು ಅಲ್ಲಿ," ಎಂದರು. "ನನ್ನ ಅಮ್ಮ ಕೊಲ್ಲಂನಲ್ಲಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿಯುವವರು. ಅವರ ಕೈ ಇದೇ ಕಪ್ಪು. ತೊಳೆದರೆ ಹೋಗುವುದಿಲ್ಲ, ಚರ್ಮ ಸುಲಿದೇ ಹೋಗಬೇಕು. ನಿನ್ನ ಬೆರಳು ಪೂರ್ತಿ ಸತ್ತಿಲ್ಲ. ಏನು ಮಾಡಿದೆ, ಹೇಳು."

ಆ ಸದ್ದಿನಲ್ಲಿ ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಅಳುತ್ತಾ ಹೇಳಿದೆ. ಬೂಟು, ಬಾಟ್ಲಿ, ಉರಿ ಹತ್ತದ್ದು, ಎಲ್ಲ.

"ಬೇಕೆಂದು ಮಾಡಿದ್ದಾ?"

"ದೇವರಾಣೆ ಅಲ್ಲ ಸಿಸ್ಟರ್."

"ಮತ್ತೆ ಅಲ್ಲಿ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಅದಕ್ಕೆ ಉತ್ತರದ ಬದಲು, ಇನ್ನೊಬ್ಬ ಇದ್ದ, ಬರೀ ಕೆಮ್ಮು, ಅವ ನಾಳೆ ಬರ್ತಾನೆ ಎಂದೆ. ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಅವರ ಕೈ ನಿಂತಿತು. "ನೊರೆ ಬರುತ್ತಿತ್ತಾ? ಗುಲಾಬಿ ಬಣ್ಣದ್ದು?" ಹೌದು ಎಂದೆ.

ಸಿಸ್ಟರ್ ನನ್ನ ಬ್ಯಾಂಡೇಜು ಮತ್ತೆ ಸುತ್ತತೊಡಗಿದರು. "ಅದು ಎತ್ತರದ ಕಾಯಿಲೆ. ಅಂಥವರನ್ನು ನಾನು ನೋಡಿದ್ದೇನೆ. ಕೆಳಗೆ ತಂದರೆ ಎದ್ದು ಕೂತು ಚಾ ಕುಡಿಯುತ್ತಾರೆ. ಮೇಲೆಯೇ ಬಿಟ್ಟರೆ ಉಳಿಯುವುದು ಕಷ್ಟ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ವಿಮಾನ ತಿರುಗಿಸಲು ಆಗುತ್ತದಾ ಎಂದು ಕೇಳಿದೆ, ಹುಚ್ಚನ ಹಾಗೆ. ಅವರು ತಲೆ ಅಲ್ಲಾಡಿಸಿದರು. ನನ್ನ ಅಂಗಿಯ ಗುಂಡಿಗೆ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ಏನೋ ಬರೆದು ಮುಂದಿನ ಸ್ಟ್ರೆಚರಿಗೆ ಹೋದರು.

ಬಯಲಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಆ ಚೀಟಿ ಓದಿದಾಗ ಗೊತ್ತಾಯಿತು. 'ಬಣ್ಣ ಎಣ್ಣೆಯದ್ದು. ಕತ್ತರಿಸುವ ಮೊದಲು ಕಾಯಿರಿ' ಎಂದು ಬರೆದಿದ್ದರಂತೆ. ಅಷ್ಟೇ. ಆ ಒಂದು ಸಾಲಿನಿಂದ ನನ್ನ ಮೂರು ಬೆರಳು ಉಳಿದವು. ಕೀವು ತುಂಬಿದ ಎರಡನ್ನು ಮಾತ್ರ ಎರಡು ವಾರ ಕಾದು ತೆಗೆದರು. ಸಿಸ್ಟರ ಹೆಸರು ನನಗೆ ಗೊತ್ತಿಲ್ಲ. ಆಮೇಲೆ ಅವರನ್ನು ನೋಡಲೂ ಇಲ್ಲ.

ವಾರ್ಡಿನಲ್ಲಿ ಒಬ್ಬ ಸಹಾಯಕ ಮಾತಿಗೆ ಹೇಳಿದ: ಅಲ್ಲಿ ಮೋಡ ಕವಿದು ನಾವು ಬಂದ ಮೇಲೆ ಮೂರು ದಿನ ವಿಮಾನ ಇಳಿಯಲಿಲ್ಲ. ಆ ಕೆಮ್ಮಿನವ ಏನಾದ ಎಂದು ವಿಚಾರಿಸಬಹುದಿತ್ತು. ಬರುವ ಪ್ರತಿ ಹೊಸ ಗಾಯಾಳುವನ್ನು ಕೇಳಬಹುದಿತ್ತು. ನಾನು ಮುಖದ ಮೇಲೆ ಕಂಬಳಿ ಎಳೆದುಕೊಂಡು ಮಲಗಿದೆ. ಗೊತ್ತಾಗದೆ ಇದ್ದರೆ ಅವ ಬದುಕಿರಲೂಬಹುದಲ್ಲ, ಅದು ನನ್ನ ಲೆಕ್ಕಾಚಾರ. ಹೇಡಿಯ ಲೆಕ್ಕಾಚಾರ.

ಕಾಲು ಗುಣವಾಗುವ ಮೊದಲೇ ನೌಕರಿಯಿಂದ ಬಿಡಿಸಿ ಮನೆಗೆ ಕಳಿಸಿದರು. ಮಂಗಳೂರಿನಿಂದ ಬಸ್ಸಿನಲ್ಲಿ ಬಂಟ್ವಾಳ ದಾಟಿ ಬರುವಾಗಲೇ ಸುದ್ದಿ ಮುಟ್ಟಿತ್ತು. ಬೆಳ್ತಂಗಡಿಯ ಶಾಲೆಯಲ್ಲಿ ಸಭೆ. ಮಕ್ಕಳು ಸಾಲಾಗಿ ನಿಂತು ಜೈ ಎಂದರು. ಹೆಡ್‌ಮಾಸ್ಟರು ಭಾಷಣದಲ್ಲಿ 'ಶತ್ರುವಿನೊಡನೆ ಕಾದಾಡಿ' ಎಂದಾಗ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಎರಡು ಮಾತು ಹೇಳಿ ಎಂದರು. "ನಾನೇನೂ ಮಾಡಲಿಲ್ಲ," ಎಂದೆ. ಅದೊಂದು ಸತ್ಯ ಹೇಳಿದೆ. ಜನ ಅದನ್ನು ವಿನಯ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಅಮ್ಮ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಬರೆಯುವುದಕ್ಕೆ ಕನ್ನಡ ಮಾಡಿದ್ದೇನೆ.

"ನಾನು ಕೊಟ್ಟ ಗೇರೆಣ್ಣೆ ಹಚ್ಚಲಿಲ್ವಾ?"

"ಬಾಟ್ಲಿ ದಾರಿಯಲ್ಲಿ ಒಡೆದು ಹೋಯ್ತಮ್ಮ."

"ಥೂ ನಿನ್ನ! ಅಷ್ಟು ಬಟ್ಟೆ ಸುತ್ತಿ ಕೊಟ್ಟದ್ದು, ಅದನ್ನೊಂದು ನೋಡ್ಕೊಳ್ಳಿಕ್ಕೆ ಆಗ್ಲಿಲ್ವಾ ನಿನಗೆ? ಹಚ್ಚಿದ್ರೆ ಬೆರಳು ಉಳೀತಿತ್ತು."

ಹೌದಮ್ಮ ಎಂದೆ. ನಿಮ್ಮ ಎಣ್ಣೆಯಿಂದಲೇ ಹೀಗಾಯಿತು ಎಂದು ಅವರ ಮುಖ ನೋಡಿ ಹೇಳುವುದು ಹೇಗೆ ಮಾರಾಯ್ರೆ? ಅಮ್ಮನಿಗೆ ನೋವಾಗಬಾರದು ಎಂದು ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಹಾರ ಬಾಡುವುದು ನನಗೆ ಬೇಡವಾಗಿತ್ತು. ಅಮ್ಮನೋ ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ ಬಾಟ್ಲಿ ಒಡೆದ ಕಥೆ ಹೇಳುತ್ತಾ ಬಂದರು.

ಗಾಯ ಒಣಗಲು ತಿಂಗಳುಗಟ್ಟಲೆ ಹಿಡಿಯಿತು. ವಾರಕ್ಕೆ ಎರಡು ಸಲ ಬೆಳ್ತಂಗಡಿಯ ಡಾಕ್ಟರ ಹತ್ತಿರ ಡ್ರೆಸ್ಸಿಂಗಿಗೆ ಹೋಗುತ್ತಿದ್ದೆ. ಅವರ ಜಗಲಿಯಲ್ಲಿ ಉದ್ದದ ಬೆಂಚು, ಬಂದವರೆಲ್ಲ ಸಾಲಾಗಿ ಕೂತು ಸರಿಯುತ್ತಾ ಹೋಗುವುದು. ಒಂದು ದಿನ ಅದ್ರಾಮ ಬ್ಯಾರಿ ಎಂಬ ಒಣಮೀನು ವ್ಯಾಪಾರದ ಮುದುಕರು ಮೊದಲ ಜಾಗದಲ್ಲಿದ್ದರು. ಅವರ ಕಣಕಾಲಿನ ಹುಣ್ಣಿನಿಂದ ಬಟ್ಟೆ ಮೀರಿ ವಾಸನೆ ಬರುತ್ತಿತ್ತು. ನನ್ನನ್ನು ನೋಡಿದ್ದೇ ಎದ್ದರು.

"ಬನ್ನಿ ಸಿಪಾಯಿಗಳೇ, ನೀವು ಮೊದಲು ಹೋಗಿ. ನಮ್ಮದು ಎಂಥ, ಪೊಕ್ಕಡೆ, ಸುಮ್ಮನೆ ಒಂದು ಹುಣ್ಣು. ನಿಮ್ಮದು ದೇಶಕ್ಕೆ ಆದದ್ದು."

"ಬೇಡ ಕಾಕ, ನೀವು ಹೋಗಿ. ನಾನು ಕಾಯ್ತೇನೆ."

"ಅದೆಲ್ಲ ಆಗ್ಲಿಕ್ಕಿಲ್ಲ! ಏ, ದಾರಿ ಬಿಡಿ ಇವರಿಗೆ."

ಇಡೀ ಬೆಂಚು ಸರಿದು ದಾರಿ ಮಾಡಿತು. ನಾನು ಒಳಗೆ ಹೋದೆ. ಹೋದೆ ನೋಡಿ! ಮತ್ತೊಮ್ಮೆ ಇನ್ನೊಬ್ಬರ ಜಾಗದಲ್ಲಿ. ಡಾಕ್ಟರು ಹತ್ತಿ ಎಳೆಯುವಾಗ ನಾನು ಅತ್ತೆ, ಅವರು ನೋಯುತ್ತದೆ ಎಂದುಕೊಂಡು ಮೆಲ್ಲಗೆ ಎಳೆದರು. ಅವತ್ತಿನಿಂದ ಬಸ್ಸು ಬಂದ ಕೂಡಲೇ ಹೋಗುವುದನ್ನು ಬಿಟ್ಟು, ಜಗಲಿ ಖಾಲಿಯಾಗುವ ವರೆಗೆ ಪೇಟೆಯಲ್ಲಿ ಎಲ್ಲಿಯಾದರೂ ನಿಂತು, ಎಲ್ಲರದ್ದೂ ಮುಗಿದ ಮೇಲೆ ಹೋಗುತ್ತಿದ್ದೆ. ಸತ್ಯ ಹೇಳುವುದಕ್ಕಿಂತ ಅದು ಸುಲಭ.

ಮತ್ತೆ ಬಂಟ್ವಾಳದ ಅದೇ ಹೋಟೆಲಿಗೆ ಸೇರಿದೆ. ಕಿರುಬೆರಳಿಲ್ಲದ ಕಾಲು ಎಷ್ಟು ಬೇಗ ಜಾರುತ್ತದೆ ಎಂದು ಬೆರಳು ಇದ್ದವರಿಗೆ ಗೊತ್ತಾಗಲಿಕ್ಕಿಲ್ಲ. ಧಣಿಗಳು ಒಲೆಯ ಹತ್ತಿರ ನನಗೊಂದು ಸ್ಟೂಲು ಹಾಕಿಸಿದರು. ಇಲ್ಲದ ಬೆರಳು ಇದ್ದ ಹಾಗೆ ತುರಿಸುತ್ತದೆ, ಮಾಗಿಯ ಬೆಳಿಗ್ಗೆ ಕಾಲು ನೀಲಿಯಾಗುತ್ತದೆ. ಅದಕ್ಕೆಲ್ಲ ಒಗ್ಗಿಕೊಂಡೆ. ಗಿರಾಕಿಗಳು 'ಮಿಲಿಟರಿ' ಎಂದು ಕರೆಯುವುದಕ್ಕೆ ಮಾತ್ರ ಒಗ್ಗಲಿಲ್ಲ.

ಹೀಗೇ ಕಾಲ ತಳ್ಳುತ್ತಿದ್ದೆನೋ ಏನೋ. ಆದರೆ ನನ್ನ ತಂಗಿ ಲೀಲಾಳ ಗಂಡ ಶೀನ ಭಾವ ಮೂಡಬಿದ್ರೆಯಲ್ಲಿ ಲಾರಿ ಓಡಿಸುತ್ತಿದ್ದವರು, ಮಿಲಿಟರಿಗೆ ಡ್ರೈವರಾಗಿ ಸೇರಿದರು. ತರಬೇತಿ ಮುಗಿಸಿ ರಜೆಯಲ್ಲಿ ಬಂದರು. ಹೋಗುವುದು ಹಿಮದ ಕಡೆಗೆ ಎಂದು ಆಗಿತ್ತು. ಅವರು ಹೊರಡುವ ದಿನ ನಾನೂ ಅಮ್ಮನೂ ಮೂಡಬಿದ್ರೆಗೆ ಹೋದೆವು. ಅಮ್ಮನ ಕೈಯಲ್ಲಿ ಬಟ್ಟೆಯ ಗಂಟು. ಬಸ್ಸಿನಲ್ಲಿ ಮಡಿಲಿನಿಂದ ಇಳಿಸಲೇ ಇಲ್ಲ. ತಿಂಡಿ ಎಂದುಕೊಂಡಿದ್ದೆ. ತಂಗಿಯ ಮನೆಯ ಚಾವಡಿಯಲ್ಲಿ ಬಿಚ್ಚಿದರು. ಎರಡು ಬಾಟ್ಲಿ ಗೇರೆಣ್ಣೆ.

"ನೋಡಿ ಭಾವ," ಶೀನ ಭಾವ ನಗಾಡಿದರು, "ನಿಮ್ಮ ಹಾಗೆ ಒಂದು ಒಡೆದ್ರೆ ಇನ್ನೊಂದು ಇರ್ಲಿ ಅಂತ ಅತ್ತೆ ಎರಡು ಮಾಡಿದ್ದಾರೆ."

"ಅದನ್ನು ಮಿಲಿಟರಿಯಲ್ಲಿ ಬಿಡುವುದಿಲ್ಲ ಭಾವ," ಎಂದೆ. ಹಳೇ ಚಾಳಿ, ಸುಳ್ಳೇ ಮೊದಲು ಬಾಯಿಗೆ ಬಂದದ್ದು.

"ನೀವು ಕೊಂಡು ಹೋಗಿದ್ದಿರಲ್ಲ?"

"ಭಾರ ಜಾಸ್ತಿಯಾಗ್ತದೆ."

"ಇದೊಂದು ಭಾರವಾ ಮಾರಾಯ್ರೆ? ಪೆಟ್ಟಿಗೆಯ ಮೂಲೆಯಲ್ಲಿ ಹಾಕ್ತೇನೆ," ಎಂದು ಎದ್ದು ಪೆಟ್ಟಿಗೆ ಬಿಚ್ಚಿದರು. ಲೀಲಾ ಬಾಟ್ಲಿಗೆ ಹಳೆಯ ಸೀರೆಯ ತುಂಡು ಸುತ್ತತೊಡಗಿದಳು. ಹೊಟ್ಟೆಯಲ್ಲಿ ಆರು ತಿಂಗಳ ಮಗು. ನಾನು ಸುಮ್ಮನಿದ್ದರೆ ಏನಾಗುತ್ತದೆ ಎಂದು ಈ ಲೋಕದಲ್ಲಿ ಗೊತ್ತಿದ್ದವ ನಾನೊಬ್ಬನೇ. ಸುಮ್ಮನಿರುವುದು ನನಗೆ ಅಭ್ಯಾಸವೂ ಆಗಿತ್ತು.

"ಹಾಕಬೇಡಿ ಭಾವ," ಎಂದೆ. ಸ್ವರ ಹೊರಟದ್ದು ನನಗೇ ಹೆದರಿಕೆಯಾಗುವಷ್ಟು ಜೋರಾಗಿ. "ನನ್ನ ಬಾಟ್ಲಿ ಒಡೆಯಲಿಲ್ಲ. ನಾನು ಹಚ್ಚಿದ್ದೆ."

ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ಬೂಟಿನದ್ದು ಹೇಳಿದೆ, ಉರಿಯದ್ದು ಹೇಳಿದೆ, ಡಾಕ್ಟರಿಗೆ ಹೇಳಿದ ಸುಳ್ಳು, ಆ ಖುಷಿ, ಕೆಮ್ಮಿನವ, ವಿಮಾನ, ಸಿಸ್ಟರು ಹೇಳಿದ ಮಾತು, ಮೂರು ದಿನದ ಮೋಡ. ಬೆಳ್ತಂಗಡಿಯ ಹಾರವನ್ನೂ ಹೇಳಿದೆ. ಲೀಲಾ ಸುತ್ತುತ್ತಿದ್ದ ಬಟ್ಟೆ ಹಾಗೇ ಕೈಯಲ್ಲಿತ್ತು. ಶೀನ ಭಾವ ನನ್ನ ಮುಖ ನೋಡದೆ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಅಮ್ಮನೇ ಮೊದಲು ಮಾತಾಡಿದರು. "ಉರಿ ಹತ್ತಿದ ಕೂಡಲೇ ಸಾಕು ಮಾಡು ಅಂತ ಹೇಳಿದ್ದೆ ಅಲ್ವಾ?"

"ಉರಿ ಹತ್ತಲೇ ಇಲ್ಲಮ್ಮ."

ತನ್ನ ಎಣ್ಣೆಯನ್ನು, ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದನ್ನು ನೆನೆದು ಈಗ ಅಳುತ್ತಾರೆ, ಇಲ್ಲವೇ ನನಗೆ ಎರಡು ಬಿಗಿಯುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ.

"ಆ ಕೆಮ್ಮುತ್ತಿದ್ದವನಿಗೆ ತಾಯಿ ಇದ್ದಾರಾ?" ಎಂದು ಕೇಳಿದರು.

"ಗೊತ್ತಿಲ್ಲಮ್ಮ."

"ಊರು ಯಾವುದು?"

"ಗೊತ್ತಿಲ್ಲ."

"ಹೆಸರಾದ್ರೂ ಹೇಳು. ಮಂಜುನಾಥನ ಹತ್ತಿರ ಹೋಗಿ ಕೇಳಿಕೊಳ್ಳಿಕ್ಕೆ ಒಂದು ಹೆಸರು ಬೇಕಲ್ಲ."

"ನಾನು ಕೇಳ್ಲಿಲ್ಲ."

"ಎರಡು ಗಂಟೆ ಪಕ್ಕದಲ್ಲೇ ಇದ್ದಿ. ಹೆಸರು ಕೇಳ್ಲಿಲ್ವಾ?"

ನಾನು ತಲೆ ಎತ್ತಲಿಲ್ಲ. "ಅವ ನನ್ನದು ಕೇಳಿದ್ದ ಅಮ್ಮ," ಎಂದೆ.